ಪದವಿ ಓದುತ್ತಲೇ ಕೆಲಸಕ್ಕೆ ಅಣಿಯಾಗುವುದು: ಇಂಟರ್ನ್‌ಶಿಪ್‌ನಿಂದ ಅಪ್ರೆಂಟಿಸ್‌ಶಿಪ್‌ವರೆಗೆ

ಕಾಲೇಜಿನ ಪ್ಲೇಸ್‌ಮೆಂಟ್ ಕೋಶದ ಬಾಗಿಲನ್ನು ಬಹಳಷ್ಟು ವಿದ್ಯಾರ್ಥಿಗಳು ಮೊದಲ ಸಲ ತಟ್ಟುವುದು ಕೊನೆಯ ಸೆಮಿಸ್ಟರಿನಲ್ಲಿ. ಅಷ್ಟು ಹೊತ್ತಿಗೆ ಸರಿಪಡಿಸಲು ಉಳಿದಿರುವುದು ರೆಸ್ಯುಮೆಯ ಅಕ್ಷರಗಳ ಅಳತೆ ಮಾತ್ರ. ಉದ್ಯೋಗಕ್ಕೆ ಅಣಿಗೊಳಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳು ಪಠ್ಯಕ್ರಮದೊಳಗೇ ಇಟ್ಟಿರುತ್ತವೆಯಾದರೂ, ಅದು ಸೀಲು ಹಾಕಿಸಿಕೊಂಡು ತಂದರೆ ಮುಗಿಯಿತು ಎಂಬ ಲೆಕ್ಕಕ್ಕೆ ಇಳಿದುಬಿಟ್ಟಿದೆ. ಆ ಭಾಗವನ್ನು ನಿಜವಾಗಿ ಬಳಸಿಕೊಳ್ಳಬಯಸುವ ಬಿ.ಕಾಂ., ಬಿ.ಎಸ್ಸಿ., ಬಿ.ಎ. ವಿದ್ಯಾರ್ಥಿಗಳಿಗಾಗಿ ಈ ಬರಹ.

ಮೊದಲು ನಿಮ್ಮ ಕೋರ್ಸಿನ ನಿಯಮಾವಳಿಯನ್ನು ವಿಶ್ವವಿದ್ಯಾಲಯದ ಜಾಲತಾಣದಿಂದ ಇಳಿಸಿಕೊಂಡು, ಇಂಟರ್ನ್‌ಶಿಪ್ ಅಥವಾ ಪ್ರಾಜೆಕ್ಟ್ ಯಾವ ಸೆಮಿಸ್ಟರಿನಲ್ಲಿದೆ, ಅದಕ್ಕೆ ಎಷ್ಟು ಕ್ರೆಡಿಟ್, ಅಂಕ ಕೊಡುವವರು ಯಾರು ಎಂಬುದನ್ನು ಓದಿಕೊಳ್ಳಿ. ಹಿರಿಯ ವಿದ್ಯಾರ್ಥಿಗಳ ಮಾತನ್ನಷ್ಟೇ ನಂಬಬೇಡಿ. 2021-22ರಲ್ಲಿ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟಿನಲ್ಲಿ ಓದಿದರು. 2024-25ರಿಂದ ರಾಜ್ಯವು ಮೂರು ವರ್ಷದ ಪದವಿಗೆ ಮರಳಿದ್ದರಿಂದ ಅವರ ಪಠ್ಯಕ್ರಮವೂ ನಿಮ್ಮದೂ ಒಂದೇ ಅಲ್ಲ. ಇನ್ನೂ ಪ್ರವೇಶವನ್ನೇ ಪಡೆಯದವರು ಬಿ.ವೋಕ್. ಎಂಬ ವೃತ್ತಿಶಿಕ್ಷಣದ ಪದವಿಯನ್ನೂ ವಿಚಾರಿಸಬಹುದು. ಯುಜಿಸಿಯ ಚೌಕಟ್ಟಿನಂತೆ ಅದರಲ್ಲಿ ಶೇ. 60ರಷ್ಟು ಕ್ರೆಡಿಟ್ ಕೌಶಲಕ್ಕೆ, ಶೇ. 40ರಷ್ಟು ಸಾಮಾನ್ಯ ಶಿಕ್ಷಣಕ್ಕೆ ಮೀಸಲು. ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಎರಡಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರಕ್ಕೆ ಪದವಿ ದೊರೆಯುತ್ತದೆ.

ಇಂಟರ್ನ್‌ಶಿಪ್‌ಗೆ ಜಾಗ ಹುಡುಕುವಾಗ ಬೆಂಗಳೂರಿನ ಕಡೆಗೇ ಮುಖ ಮಾಡಬೇಕಿಲ್ಲ. ನಿಮ್ಮ ತಾಲ್ಲೂಕು ಕೇಂದ್ರದಲ್ಲಿಯೇ ಆಡಿಟರ್ ಕಚೇರಿ, ಸಹಕಾರ ಬ್ಯಾಂಕು, ಹಾಲು ಒಕ್ಕೂಟದ ಶೀತಲೀಕರಣ ಕೇಂದ್ರ, ಮಣ್ಣು ಪರೀಕ್ಷಾ ಪ್ರಯೋಗಾಲಯ, ಮುದ್ರಣಾಲಯ ಇವುಗಳಲ್ಲಿ ಒಂದೆರಡಾದರೂ ಇರುತ್ತವೆ. ಹತ್ತು ಜನ ಕೆಲಸ ಮಾಡುವ ಕಚೇರಿಯಲ್ಲಿ ಎರಡನೆಯ ವಾರಕ್ಕೇ ನಿಮ್ಮ ಕೈಗೆ ನಿಜವಾದ ಕಡತ ಬರುತ್ತದೆ. ದೊಡ್ಡ ಕಂಪನಿಯಲ್ಲಿ ಆರು ವಾರ ಸ್ಲೈಡುಗಳನ್ನು ನೋಡಿ ಬಂದವರನ್ನು ನಾನು ಬಹಳ ಕಂಡಿದ್ದೇನೆ. ಕನಿಷ್ಠ ಎರಡು ತಿಂಗಳು ಮೊದಲು, ವಿಭಾಗದ ಮುಖ್ಯಸ್ಥರ ಸಹಿಯುಳ್ಳ ಪರಿಚಯ ಪತ್ರ ಹಿಡಿದು ಖುದ್ದಾಗಿ ಹೋಗಿ. ‘ಏನಾದರೂ ಕೆಲಸ ಕೊಡಿ’ ಎಂದು ಕೇಳುವುದಕ್ಕಿಂತ ‘ಸರ್, ಟ್ಯಾಲಿ ಕಲಿತಿದ್ದೇನೆ, ನಿಮ್ಮಲ್ಲಿ ಖರೀದಿ ಬಿಲ್ಲುಗಳ ಎಂಟ್ರಿ ಮಾಡಲು ಅವಕಾಶ ಕೊಡುತ್ತೀರಾ?’ ಎಂದು ಕೇಳಿದವರಿಗೆ ಒಪ್ಪಿಗೆ ಬೇಗ ಸಿಗುತ್ತದೆ. ಇಂಟರ್ನ್‌ಶಿಪ್‌ಗೆ ನಿಮ್ಮಿಂದಲೇ ಶುಲ್ಕ ಕೇಳಿ, ಹದಿನೈದು ದಿನಗಳಲ್ಲಿ ಪ್ರಮಾಣಪತ್ರ ಕೊಡುತ್ತೇವೆ ಎನ್ನುವವರಿಂದ ದೂರವಿರಿ. ಅಲ್ಲಿ ನೀವು ಕೊಳ್ಳುವುದು ಒಂದು ಕಾಗದವನ್ನಷ್ಟೇ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ದಿನಚರಿ ಪುಸ್ತಕ. ಮೌಲ್ಯಮಾಪನಕ್ಕೆ ಬರುವ ಪುಸ್ತಕಗಳಲ್ಲಿ ‘ಇಂದು ಕಂಪ್ಯೂಟರಿನಲ್ಲಿ ಕೆಲಸ ಮಾಡಿದೆ’ ಎಂಬ ವಾಕ್ಯವೇ ಪುಟಗಟ್ಟಲೆ ಇರುತ್ತದೆ, ಅದೂ ಒಂದೇ ಶಾಯಿಯಲ್ಲಿ, ಒಂದೇ ರಾತ್ರಿಯಲ್ಲಿ ಬರೆದದ್ದು. ಆಡಿಟರ್ ಕಚೇರಿಗೆ ಹೋದ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಅದೇ ದಿನವನ್ನು ಹೀಗೆ ಬರೆಯಬಹುದು: ‘ಹಾರ್ಡ್‌ವೇರ್ ಅಂಗಡಿಯೊಂದರ ಖರೀದಿ ಪುಸ್ತಕದ 84 ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಪಟ್ಟಿಯೊಂದಿಗೆ (ಮಾರಾಟಗಾರರು ಸಲ್ಲಿಸಿದ ರಿಟರ್ನ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿ) ತಾಳೆ ನೋಡಿದೆ. 6 ಬಿಲ್ಲುಗಳು ಪಟ್ಟಿಯಲ್ಲಿ ಇರಲಿಲ್ಲ. ನಾಲ್ಕರಲ್ಲಿ ಮಾರಾಟಗಾರರು ನಮ್ಮ ಗ್ರಾಹಕರ ಜಿಎಸ್‌ಟಿ ಸಂಖ್ಯೆಯ ಬದಲು ಬೇರೊಬ್ಬರ ಸಂಖ್ಯೆಯನ್ನು ನಮೂದಿಸಿದ್ದರು. ಉಳಿದೆರಡರ ಮಾರಾಟಗಾರರು ರಿಟರ್ನ್ ಸಲ್ಲಿಸಿರಲೇ ಇಲ್ಲ. ಆರೂ ಜನರಿಗೆ ಫೋನ್ ಮಾಡಿ ತಿಳಿಸಿದೆ.’ ಐದು ವಾಕ್ಯಗಳಲ್ಲಿ ಕೆಲಸ, ಪ್ರಮಾಣ, ತೊಡಕು, ಪರಿಹಾರ ಎಲ್ಲವೂ ಬಂದಿವೆ. ಮುಂದೆ ಸಂದರ್ಶನದಲ್ಲಿ ‘ನೀವು ಏನು ಮಾಡಿದಿರಿ?’ ಎಂದು ಕೇಳಿದಾಗ ಅವಳು ತಡವರಿಸಬೇಕಿಲ್ಲ, ಏಕೆಂದರೆ ಉತ್ತರ ಆಗಲೇ ಬರೆದಿಟ್ಟದ್ದಾಗಿದೆ. ದಿನಚರಿಯನ್ನು ಅಂದಂದೇ ಬರೆದು, ವಾರಕ್ಕೊಮ್ಮೆ ಮೇಲ್ವಿಚಾರಕರ ಸಹಿ ಪಡೆಯಿರಿ. ಗ್ರಾಹಕರ ಹೆಸರನ್ನಾಗಲೀ ಖಾತೆಯ ವಿವರವನ್ನಾಗಲೀ ಅದರಲ್ಲಿ ಬರೆಯಬಾರದು. ಕಚೇರಿಯ ಗುಟ್ಟನ್ನು ಕಾಯುವುದೂ ಕಲಿಯಬೇಕಾದ ಕೆಲಸವೇ.

ಇಂಟರ್ನ್‌ಶಿಪ್‌ಗೂ ಅಪ್ರೆಂಟಿಸ್‌ಶಿಪ್‌ಗೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು, ಏಕೆಂದರೆ ಅಧ್ಯಾಪಕರೂ ಕೆಲವೊಮ್ಮೆ ಎರಡನ್ನೂ ಒಂದೇ ಎಂಬಂತೆ ಬಳಸುತ್ತಾರೆ. ಇಂಟರ್ನ್‌ಶಿಪ್ ಕೋರ್ಸಿನ ಭಾಗ. ಅಲ್ಲಿ ಹಣ ಕೊಡಲೇಬೇಕೆಂದಿಲ್ಲ. ಅಪ್ರೆಂಟಿಸ್‌ಶಿಪ್ 1961ರ ಕಾಯ್ದೆಯಡಿ ನೋಂದಣಿಯಾಗುವ ಒಪ್ಪಂದ. ಅಲ್ಲಿ ಸ್ಟೈಪೆಂಡ್ ಹಕ್ಕಾಗಿ ಬರುತ್ತದೆ. ಪದವಿಯೊಳಗೇ ಅಪ್ರೆಂಟಿಸ್‌ಶಿಪ್ ಅಡಕವಾಗಿರುವ ಕೋರ್ಸುಗಳೂ ಈಗ ಇವೆ. ಪದವಿ ಮುಗಿಸಿದವರಿಗೆ ಇರುವುದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ, ಅಂದರೆ ನ್ಯಾಟ್ಸ್. ದಕ್ಷಿಣದ ರಾಜ್ಯಗಳಿಗೆ ಇದನ್ನು ನೋಡಿಕೊಳ್ಳುವ ಮಂಡಳಿ ಚೆನ್ನೈಯಲ್ಲಿದೆ. 2019ರ ತಿದ್ದುಪಡಿಯಲ್ಲಿ ಪದವೀಧರರ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ ಎಂದು ನಿಗದಿಯಾಯಿತು. ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಅದೇ ತಿದ್ದುಪಡಿಯಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಎಚ್‌ಎಎಲ್, ಬಿಇಎಲ್‌ನಂತಹ ಸಾರ್ವಜನಿಕ ಉದ್ಯಮಗಳು ಇದೇ ದಾರಿಯಲ್ಲಿ ಪದವೀಧರರನ್ನು ಕರೆಯುತ್ತವೆ.

ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಣಿ ಉಚಿತ. ಆಧಾರ್, ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರದಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ; ತಂದೆಯ ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮ ಕಡೆ ತೀರಾ ಸಾಮಾನ್ಯ, ಅದನ್ನು ಸರಿಪಡಿಸಲು ವಾರಗಳು ಹಿಡಿಯುತ್ತವೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿ, ಏಕೆಂದರೆ ಸರ್ಕಾರದ ಪಾಲು ನೇರವಾಗಿ ಖಾತೆಗೆ ಬರುತ್ತದೆ. ಪದವಿಯ ನಂತರ ಒಂದು ವರ್ಷ ಅಥವಾ ಹೆಚ್ಚು ಕಾಲ ಕೆಲಸ ಮಾಡಿದವರು ಈ ಯೋಜನೆಗೆ ಅರ್ಹರಾಗುವುದಿಲ್ಲವಾದ್ದರಿಂದ ‘ಆಮೇಲೆ ನೋಡೋಣ’ ಎಂದು ಮುಂದೂಡಬೇಡಿ. ಸಾಮಾನ್ಯವಾಗಿ ಒಂದು ವರ್ಷದ ಈ ತರಬೇತಿ ಮುಗಿದ ಮೇಲೆ ಅಲ್ಲಿಯೇ ನೌಕರಿ ಕೊಡಬೇಕೆಂಬ ಕಡ್ಡಾಯ ಸಂಸ್ಥೆಗಿಲ್ಲ; ಹತ್ತನೆಯ ತಿಂಗಳಿನಿಂದಲೇ ಬೇರೆ ಕಡೆ ಅರ್ಜಿ ಹಾಕತೊಡಗುವುದು ಜಾಣತನ. ಯುವನಿಧಿಗೆ ಅರ್ಜಿ ಹಾಕುವ ಯೋಚನೆಯಲ್ಲಿರುವವರು ಇದನ್ನೂ ಗಮನಿಸಬೇಕು: ಅಪ್ರೆಂಟಿಸ್ ಸ್ಟೈಪೆಂಡ್ ಪಡೆಯುತ್ತಿರುವವರಿಗೆ ಪದವೀಧರರ ಆ 3,000 ರೂಪಾಯಿ ಭತ್ಯೆ ದೊರೆಯುವುದಿಲ್ಲ.