ಟ್ರೊಂಬೋನ್ ಮುಂದಿಟ್ಟು ಒಂದು ಆಲ್ಬಮ್

ನಾನು ನುಡಿಸುವುದು ಟ್ರೊಂಬೋನ್, ಅಂದರೆ ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ನುಡಿಸುವ ಹಿತ್ತಾಳೆಯ ಊದುವಾದ್ಯ. ನನ್ನ ಹೆಸರಿನ ಮೊದಲ ಜಾಝ್ ಆಲ್ಬಮ್‌ಗೆ ವಾದ್ಯಗಳನ್ನು ಆರಿಸಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ: ಟ್ರೊಂಬೋನ್, ಟೆನರ್ ಸ್ಯಾಕ್ಸೊಫೋನ್, ಪಿಯಾನೊ, ಬೇಸ್, ಡ್ರಮ್ಸ್. ಟ್ರೊಂಬೋನ್ ವಾದಕ ಕರ್ಟಿಸ್ ಫುಲ್ಲರ್ 1959ರ ಮೇ ತಿಂಗಳಲ್ಲಿ ‘ಬ್ಲೂಸೆಟ್’ ಆಲ್ಬಮನ್ನು ಧ್ವನಿಮುದ್ರಿಸಿದ್ದು ಇದೇ ಐದು ವಾದ್ಯಗಳಲ್ಲಿ. ನಾನಿರುವ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ, ಧ್ವನಿಮುದ್ರಣ ತಂತ್ರಜ್ಞ ರೂಡಿ ವ್ಯಾನ್ ಗೆಲ್ಡರ್ ತಮ್ಮ ತಂದೆತಾಯಿಯ ಮನೆಯ ಹಜಾರವನ್ನೇ ಸ್ಟುಡಿಯೊ ಮಾಡಿಕೊಂಡಿದ್ದರು. ‘ಬ್ಲೂಸೆಟ್’ ಮುದ್ರಣವಾದದ್ದು ಅಲ್ಲೇ. ಅದರಲ್ಲಿ ಫುಲ್ಲರ್ ತಂಡದ ನಾಯಕರಾದರೂ ಬೆನ್ನಿ ಗಾಲ್ಸನ್ ಅವರ ಟೆನರ್ ಅನ್ನು ಹಿಂದಕ್ಕೆ ತಳ್ಳುವುದಿಲ್ಲ. ಎರಡೂ ವಾದ್ಯಗಳು ಬೆರೆತು ಮೂರನೆಯದೊಂದು ದನಿ ಹುಟ್ಟುತ್ತದೆ. ನನಗೆ ಬೇಕಿದ್ದುದು ಆ ದನಿ.

ಎರಡು ವಾದ್ಯಗಳ ಶ್ರುತಿವ್ಯಾಪ್ತಿ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಅವು ಬೇಗ ಬೆರೆಯುತ್ತವೆ, ಬೇಗ ಒಂದನ್ನೊಂದು ಮುಚ್ಚಿಯೂ ಹಾಕುತ್ತವೆ. ಮುಖ್ಯ ರಾಗವನ್ನು ಟ್ರೊಂಬೋನ್‌ಗೆ ಕೊಟ್ಟು, ಟೆನರ್ ಅನ್ನು ಅದಕ್ಕೆ ಅಂಟಿಕೊಂಡಂತೆ ಕೆಳಗೆ ಬರೆದೆ. ನುಡಿಸುವವರಿಬ್ಬರೂ ಒಂದೇ ಕಡೆ ಉಸಿರು ತೆಗೆದುಕೊಳ್ಳುವಂತೆ ಹಾಳೆಯಲ್ಲಿ ಗುರುತು ಹಾಕಿದೆ.

ಹೆಚ್ಚು ದುಡಿಮೆ ಬೇಡಿದ್ದು ಸ್ಲೈಡ್, ಟ್ರೊಂಬೋನ್‌ನ ಆ ಜಾರುವ ಕೊಳವೆ. ಅದಕ್ಕೆ ಏಳು ಸ್ಥಾನಗಳು, ಒಂದರಿಂದ ಇನ್ನೊಂದಕ್ಕೆ ಅರ್ಧ ಸ್ವರದ ಅಂತರ. ನನ್ನ ಸಿ ಮೈನರ್ ಬ್ಲೂಸ್‌ನಲ್ಲಿ ಇ ಫ್ಲ್ಯಾಟ್, ಡಿ, ಸಿ ಎಂದು ಇಳಿಯುವ ಸಾಲೊಂದು ಮತ್ತೆ ಮತ್ತೆ ಬರುತ್ತದೆ. ಇ ಫ್ಲ್ಯಾಟ್, ಸಿ ಎರಡನ್ನೂ ಮೂರನೆಯ ಸ್ಥಾನದಲ್ಲಿ ನುಡಿಸುತ್ತೇನೆ. ಡಿಯನ್ನು ಒಂದನೆಯ ಸ್ಥಾನದಲ್ಲಿ ನುಡಿಸಿದರೆ ಕೈ ಮೂರರಿಂದ ಒಂದಕ್ಕೆ ಬಂದು ತಿರುಗಿ ಮೂರಕ್ಕೆ ಓಡಬೇಕು. ನಾಲ್ಕರಲ್ಲಿ ಹಿಡಿದರೆ ಮೂರು, ನಾಲ್ಕು, ಮೂರು; ಮಣಿಕಟ್ಟು ಅಲುಗಿದರೆ ಸಾಕು. ಆದರೆ ಆಗ ಮೊದಲ ಎರಡು ಸ್ವರಗಳ ನಡುವೆ ಜಾರು ಕೇಳಿಸುತ್ತದೆ. ಅದನ್ನು ಮರೆಸಲು ನಾಲಗೆಯಿಂದ ‘ದು’ ಎಂದು ಮೆಲ್ಲಗೆ ತಟ್ಟಬೇಕು, ಸ್ಲೈಡ್ ಚಲಿಸುವ ಆ ಕ್ಷಣದಲ್ಲೇ. ಡಿಯಿಂದ ಸಿಗೆ ಬರುವಾಗ ನಾಲಗೆ ಬೇಡ, ತುಟಿ ತಾನೇ ಸ್ವರವನ್ನು ದಾಟಿಸುತ್ತದೆ. ಈ ಮೂರು ಸ್ವರಗಳನ್ನು ನಿಧಾನ ಲಯದಲ್ಲಿ, ತಾಳ ಎಣಿಸುವ ಮೆಟ್ರೊನೋಮ್ ಇಟ್ಟುಕೊಂಡು, ತಿಂಗಳುಗಟ್ಟಲೆ ಸಾಧನೆ ಮಾಡಿದೆ. ವೇಗದ ಸೋಲೊಗಳಿಗೂ ಅಷ್ಟು ಸಮಯ ಕೊಟ್ಟಿರಲಿಲ್ಲ.

ಸ್ಟುಡಿಯೊದಲ್ಲಿ ಐವರೂ ಒಂದೇ ಕೋಣೆಯಲ್ಲಿ ಸೇರಿದೆವು, ಹೆಡ್‌ಫೋನ್ ಇಲ್ಲದೆ. ಟ್ರೊಂಬೋನ್‌ಗೂ ಟೆನರ್‌ಗೂ ಸೇರಿ ಒಂದೇ ರಿಬ್ಬನ್ ಮೈಕ್. ಅದು ಎರಡೂ ಬದಿಯಿಂದ ಸಮನಾಗಿ ಕೇಳಿಸಿಕೊಳ್ಳುತ್ತದೆ, ಹಿತ್ತಾಳೆಯ ಮೊನಚನ್ನೂ ತುಸು ತಗ್ಗಿಸುತ್ತದೆ. ಟೆನರ್ ನುಡಿಸುವವರೂ ನಾನೂ ಅದರ ಎರಡು ಬದಿಗೆ ಎದುರುಬದುರಾಗಿ ನಿಂತೆವು. ಟೆನರ್ ಹೆಚ್ಚಾದರೆ ಅವರು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದರು, ಅಷ್ಟೇ ನಮ್ಮ ಮಿಕ್ಸಿಂಗ್.

ಹೀಗೆ ಮುದ್ರಿಸಿದರೆ ಒಬ್ಬರ ಮೈಕ್‌ನಲ್ಲಿ ಎಲ್ಲರ ದನಿಯೂ ಇರುತ್ತದೆ. ಒಬ್ಬರ ಭಾಗವನ್ನಷ್ಟೇ ತೆಗೆದು ಮತ್ತೆ ನುಡಿಸಲಾಗದು. ಟೇಕ್, ಅಂದರೆ ಒಮ್ಮೆ ನುಡಿಸಿ ಮುದ್ರಿಸಿದ್ದು, ಇಡೀ ಉಳಿಯಬೇಕು ಇಲ್ಲವೇ ಇಡೀ ಹೋಗಬೇಕು. ಸಿ ಮೈನರ್ ಬ್ಲೂಸ್‌ಗೆ ಒಂದು ಟೇಕ್‌ನಲ್ಲಿ ನನ್ನ ಸೋಲೊ ಬಹಳ ಚೆನ್ನಾಗಿ ಬಂದಿತ್ತು, ಇನ್ನೊಂದರಲ್ಲಿ ನಾವಿಬ್ಬರೂ ಒಂದೇ ಉಸಿರಿನಲ್ಲಿ ಸಾಲನ್ನು ಇಳಿದಿದ್ದೆವು. ನಾಯಕನಾಗಿ ಎರಡನೆಯದನ್ನೇ ಆರಿಸಿದೆ.