ವಿಡಿಯೊದಿಂದ ಮಾಡಿದ ಜಿಫ್ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿದ್ದರೆ
ಎಫ್‌ಎಫ್‌ಎಂಪೆಗ್‌ನಲ್ಲಿ (ಆದೇಶ ಟೈಪ್ ಮಾಡಿ ವಿಡಿಯೊ ಬದಲಾಯಿಸುವ ಉಚಿತ ತಂತ್ರಾಂಶ) ವಿಡಿಯೊ ತುಣುಕನ್ನು ನೇರವಾಗಿ ಜಿಫ್ ಮಾಡಬೇಡಿ. ಮೊದಲು ಪ್ಯಾಲೆಟ್‌ಜೆನ್ ಫಿಲ್ಟರ್‌ನಿಂದ ಆ ತುಣುಕಿನದೇ ಬಣ್ಣಗಳ ಪಟ್ಟಿ ತೆಗೆಯಿರಿ, ಆಮೇಲೆ ಪ್ಯಾಲೆಟ್‌ಯೂಸ್ ಹಾಕಿ ಅದೇ ಪಟ್ಟಿಯಿಂದ ಜಿಫ್ ಮಾಡಿ. ಜಿಫ್‌ನ ಒಂದು ಪಟ್ಟಿಯಲ್ಲಿ ಹಿಡಿಸುವುದು ಹೆಚ್ಚೆಂದರೆ 256 ಬಣ್ಣ. ಸುಮ್ನೆ ಬದಲಾಯಿಸಿದರೆ ಎಲ್ಲ ವಿಡಿಯೊಗೂ ಒಂದೇ ಸಿದ್ಧ ಪಟ್ಟಿ ಬಳಕೆಯಾಗುತ್ತದೆ. ಮುಖದ ಕ್ಲೋಸಪ್‌ನಲ್ಲಿ ಬೇಕಾದದ್ದು ಚರ್ಮದ ಹತ್ತಾರು ಛಾಯೆ, ಅಲ್ಲಿ ಇಲ್ಲದ ಹಸಿರು, ನೇರಳೆಗೆ ಜಾಗ ಕೊಟ್ಟು ಏನು ಲಾಭ ಅಲ್ವಾ? ಅಗಲವನ್ನು 480 ಪಿಕ್ಸೆಲ್‌ಗೆ ಇಳಿಸುವುದಿದ್ದರೆ ಪಟ್ಟಿ ತೆಗೆಯುವ ಮೊದಲೇ ಇಳಿಸಿ. ವೇಗ ಸೆಕೆಂಡಿಗೆ 20 ಅಥವಾ 25 ಫ್ರೇಮ್ ಇಡಿ, 30 ಬೇಡ. ಜಿಫ್ ಸಮಯ ಎಣಿಸುವುದು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ, 30 ಅದಕ್ಕೆ ಸರಿಯಾಗಿ ಕೂರುವುದಿಲ್ಲ. ಫೈಲ್ ದೊಡ್ಡದಾಯಿತೆಂದರೆ ಪ್ಯಾಲೆಟ್‌ಯೂಸ್‌ನ ಡಿದರ್ ಆಯ್ಕೆಯಲ್ಲಿ (ಪಟ್ಟಿಯಲ್ಲಿಲ್ಲದ ಬಣ್ಣವನ್ನು ಇರುವ ಬಣ್ಣಗಳ ಚುಕ್ಕೆ ಬೆರೆಸಿ ತೋರಿಸುವ ವಿಧಾನ) ಬೇಯರ್ ಎಂಬ ಬಗೆ ಹಾಕಿ ನೋಡಿ. ಸ್ವಲ್ಪ ಜಾಲರಿ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಗಾತ್ರ ಇಳಿಯುತ್ತದೆ.

ಒಂದೇ ತುಣುಕಿನಲ್ಲಿ ಕತ್ತಲ ಕೋಣೆ, ಬಿಸಿಲ ಬಯಲು ಎಂದು ದೃಶ್ಯ ಬದಲಾಗುತ್ತಿದ್ದರೆ ಈ ಉಪಾಯ ಅಷ್ಟಾಗಿ ನಡೆಯದು, 256 ಬಣ್ಣವನ್ನು ಎಲ್ಲವೂ ಹಂಚಿಕೊಳ್ಳಬೇಕಲ್ಲ. ಆಗ ದೃಶ್ಯಕ್ಕೊಂದು ಜಿಫ್ ಮಾಡುವುದೇ ವಾಸಿ. ಸಂಜೆಯ ಆಕಾಶದಲ್ಲಿ ಪಟ್ಟೆಗಳು ಹೇಗಿದ್ದರೂ ಉಳಿಯಬಹುದು. ಮೂಲ ವಿಡಿಯೊನೇ 240ಪಿ ಆಗಿದ್ದರೆ ಮಾತ್ರ ಏನೂ ಮಾಡಲಾಗದು, ಮೊದಲು ಒಳ್ಳೆಯ ಪ್ರತಿ ಹುಡುಕಿ.