ತಲೆಗೆ ಕರೆಂಟು ಕೊಡುವಾಗ ಕಣ್ಣಲ್ಲಿ ಮಿಂಚು ಕಂಡರೆ

ಟಿಡಿಸಿಎಸ್, ಅಂದರೆ ತಲೆಯ ಮೇಲಿಂದ ಮಿದುಳಿಗೆ ಒಂದೇ ದಿಕ್ಕಿನ ಸಣ್ಣ ಕರೆಂಟು ಕೊಡುವ ಚಿಕಿತ್ಸೆ, ಶುರುವಾದ ಎರಡನೇ ದಿನ. ಬಲಗಣ್ಣಿನ ಅಂಚಲ್ಲಿ ಫಳ್ ಅಂತ ಬಿಳಿ ಬೆಳಕು. ಏಪ್ರಿಲ್ ಮಳೆಯ ಮಿಂಚಿನ ಹಾಗೆ, ಆದರೆ ಸದ್ದಿಲ್ಲ. ಖಿನ್ನತೆಯ ಚಿಕಿತ್ಸೆಗೆ ಬನಶಂಕರಿಯಿಂದ ದಿನಾ ಮೆಟ್ರೋದಲ್ಲಿ ಹೋಗುತ್ತಿದ್ದೆ. ಮಿದುಳಿಗೇ ಏನೋ ಆಯಿತು ಅಂತ ಹೆದರಿ ಸುಮ್ನೆ ಕೂತುಬಿಟ್ಟೆ. ನೀವು ಹಾಗೆ ಕೂರಬೇಡಿ.

ಈ ಬೆಳಕಿಗೆ ಫಾಸ್ಫೀನ್ ಅನ್ನುತ್ತಾರೆ. ಕೊಡುವ ಕರೆಂಟು ಸಾಮಾನ್ಯವಾಗಿ 1ರಿಂದ 2 ಮಿಲಿಆಂಪ್ ಅಷ್ಟೇ. ಅದರಲ್ಲಿ ಸ್ವಲ್ಪ ಚರ್ಮದ ಮೇಲೆ ಹರಿದು ಕಣ್ಣಿಗೂ ತಲುಪುತ್ತದೆ. ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ಬಲು ಸೂಕ್ಷ್ಮ. ಕರೆಂಟು ಸೋಕಿದರೂ ಬೆಳಕು ಬಿತ್ತು ಅಂದುಕೊಳ್ಳುತ್ತದೆ. ಮುಚ್ಚಿದ ಕಣ್ಣು ಉಜ್ಜಿದರೆ ಬಣ್ಣ ಕಾಣುತ್ತದಲ್ವಾ, ಹಾಗೇ. 1755ರಲ್ಲಿ ಫ್ರಾನ್ಸಿನ ಲೆರಾಯ್ ಎಂಬಾತ ಕಣ್ಣು ಕಾಣದ ಒಬ್ಬರ ತಲೆಗೆ ವಿದ್ಯುತ್ ಹಾಯಿಸಿದಾಗ ಅವರಿಗೂ ಬೆಳಕು ಕಂಡಿತ್ತು.

ಕಂಡ ತಕ್ಷಣ ಟೆಕ್ನೀಷಿಯನ್‌ಗೆ ಹೇಳಿ. ಯಾವ ಕಣ್ಣು, ಶುರುವಲ್ಲೋ ಮಧ್ಯದಲ್ಲೋ ಅನ್ನುವುದು ಮುಖ್ಯ. ಶುರುವಲ್ಲೋ ಕೊನೆಯಲ್ಲೋ ಆದರೆ ಕರೆಂಟು ದಿಢೀರನೆ ಏರಿಳಿದಿರಬಹುದು. ಸುಮಾರು 30 ಸೆಕೆಂಡ್ ತಗೊಂಡು ನಿಧಾನವಾಗಿ ಏರಿಸಿದರೆ ಕಡಿಮೆಯಾಗುತ್ತದೆ. ಮಧ್ಯದಲ್ಲಾದರೆ ತಲೆಗೆ ಕಟ್ಟಿದ ಪಟ್ಟಿ ಸಡಿಲವಾಗಿದೆಯಾ, ಎಲೆಕ್ಟ್ರೋಡಿನ (ಕರೆಂಟು ಕೊಡುವ ಬಿಲ್ಲೆಯ) ಉಪ್ಪುನೀರಿನ ಸ್ಪಂಜು ಒಣಗಿದೆಯಾ ನೋಡಿಸಿ. ಗಾಬರಿಯಲ್ಲಿ ನೀವೇ ಎಲೆಕ್ಟ್ರೋಡ್ ಕಿತ್ತುಹಾಕಬೇಡಿ. ಕರೆಂಟು ಥಟ್ಟನೆ ನಿಂತಾಗಲೂ ಮಿಂಚು ಬರುತ್ತದೆ.

ನನ್ನ ಸ್ಪಂಜು ತೊಟ್ಟಿಕ್ಕುತ್ತಿತ್ತು. ಹುಬ್ಬಿನ ಮೇಲಿಂದ ಒಂದು ಹನಿ ಮೆಲ್ಲಗೆ ಜಾರಿ ರೆಪ್ಪೆಯ ತನಕ ಬಂದಿತ್ತು. ಉಪ್ಪುನೀರಲ್ಲಿ ಕರೆಂಟು ಸಲೀಸಾಗಿ ಓಡುತ್ತದೆ. ಮಾರನೇ ದಿನ ನಾನೇ ಕೇಳಿ ಸ್ಪಂಜು ಹಿಂಡಿಸಿದೆ, ಹಣೆ ಒರೆಸಿಸಿಕೊಂಡೆ. ಆಮೇಲೆ 20 ನಿಮಿಷವೂ ಬರೀ ಚುರುಚುರು, ಮಿಂಚಿಲ್ಲ. ಆದರೂ ಬಂದರೆ ಎಲೆಕ್ಟ್ರೋಡನ್ನು ಕಣ್ಣಿಂದ ದೂರ ಸರಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಅದು ಅವರೇ ತೀರ್ಮಾನಿಸಬೇಕಾದ್ದು.

ಟಿಎಸಿಎಸ್ ಅನ್ನುವ ಇಂಥದ್ದೇ ಇನ್ನೊಂದು ವಿಧಾನದಲ್ಲಾದರೆ ಕರೆಂಟು ದಿಕ್ಕು ಬದಲಿಸುತ್ತಲೇ ಇರುತ್ತದೆ. ಬೆಳಕು ಟ್ಯೂಬ್‌ಲೈಟಿನ ಹಾಗೆ ಮಿಣುಕಬಹುದು. ಪಾರ್ಕಿನ್ಸನ್‌ಗೆ ತಲೆಯೊಳಗೆ ಯಂತ್ರ ಕೂರಿಸಿಕೊಂಡವರಿಗೆ ಬೆಳಕು ಹೊಳೆದರೆ, ಒಂದು ಎರಡಾಗಿ ಕಂಡರೆ, ಸೆಟ್ಟಿಂಗ್ ಸರಿಮಾಡಿಸಲು ಬೇಗ ಹೋಗಬೇಕು.

ಮಷೀನ್ ಆಫ್ ಆದ ಮೇಲೂ ಮಿಂಚು ನಿಲ್ಲದಿದ್ದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಜಾಸ್ತಿಯಾದರೆ, ಒಂದು ಬದಿಗೆ ಪರದೆ ಎಳೆದ ಹಾಗಾದರೆ ಅದು ಕರೆಂಟಿನ ಕೆಲಸ ಅಂತ ಬಿಡಬೇಡಿ. ರೆಟಿನಾ ಕಳಚುತ್ತಿರಬಹುದು. ಅವತ್ತೇ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೋ ಹತ್ತಿರದ ಕಣ್ಣಿನ ಡಾಕ್ಟರ ಹತ್ತಿರವೋ ಹೋಗಿ.

ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ನನ್ನದರಲ್ಲಿ ಇಷ್ಟೇ ಬರೆದಿದ್ದೆ: “2ನೇ ದಿನ, ಬಲಗಣ್ಣು, ಮಧ್ಯದಲ್ಲಿ, ಹನಿ.” ಡಾಕ್ಟರು ಕೇಳಿದಾಗ ಆ ಪುಟ ತೆಗೆದು ತೋರಿಸಿದೆ.